ಶಾಕ್ ಅಬ್ಸಾರ್ಬರ್ ನುಂಗುವುದು ಏಟನ್ನಲ್ಲ

ಅಕ್ಕನ ಮಗ ಸೆಕೆಂಡ್ ಹ್ಯಾಂಡ್ ಪೋಲೊ ಜಿಟಿ ಕೊಂಡು ಇನ್ನೂ ವಾರ ಆಗಿರಲಿಲ್ಲ. ಬಳ್ಳಾರಿಯ ನಮ್ಮ ಮನೆ ಮುಂದೆ ತಂದು ನಿಲ್ಲಿಸಿ, "ಮಾಮ, ಬಿಲ್‌ಸ್ಟೈನ್ ಶಾಕ್ ಹಾಕಿಸ್ಲೋ, ಕೋನಿ ಹಾಕಿಸ್ಲೋ? ಅದೆಲ್ಲ ಬೇಡ, ಸ್ಪ್ರಿಂಗ್ ಒಂದು ಸುತ್ತು ಕಟ್ ಮಾಡ್ಸು, ಸಾಕು ಅಂತಾರೆ ಗ್ಯಾರೇಜ್‌ನಾಗೆ" ಅಂದ. ಬಿಲ್‌ಸ್ಟೈನ್, ಕೋನಿ ಎರಡೂ ಶಾಕ್ ಅಬ್ಸಾರ್ಬರ್ ಮಾಡುವ ಕಂಪನಿಗಳು. ಆದರೆ ಕಟ್ ಅನ್ನೋ ಮಾತು ಕೇಳಿದ ಮೇಲೆ ನನಗೆ ಸುಮ್ನಿರಲು ಆಗಲಿಲ್ಲ.

ಕಾರಿನ ಭಾರ ಹೊರುವುದು ಸ್ಪ್ರಿಂಗ್. ಗುಂಡಿಗೆ ಬಿದ್ದಾಗ ಬಗ್ಗಿ ಏಟು ತಿನ್ನುವುದೂ ಅದೇ. ಶಾಕ್ ಅಬ್ಸಾರ್ಬರ್ ಅನ್ನುವ ಹೆಸರೇ ದಾರಿ ತಪ್ಪಿಸುತ್ತದೆ. ಅದರ ಕೆಲಸ ಏಟು ತಿಂದ ಸ್ಪ್ರಿಂಗ್ ಕುಣಿಯುತ್ತಲೇ ಇರದಂತೆ ಹಿಡಿದು ನಿಲ್ಲಿಸುವುದು.

ಪಂಚಮಿ ಜೋಕಾಲಿ ನೆನಪು ಮಾಡಿಕೊಳ್ಳಿ. ಒಮ್ಮೆ ಜೀಕಿ ಬಿಟ್ಟರೆ ತಾನಾಗಿ ನಿಲ್ಲಲು ಎಷ್ಟು ಹೊತ್ತು ಬೇಕು! ಅದೇ ಜೋಕಾಲಿಯ ಹಲಗೆ ನೀರಿನಲ್ಲಿ ಮುಳುಗಿದ್ದರೆ ಒಂದೆರಡು ಜೀಕಿಗೇ ನಿಂತುಬಿಡುತ್ತದೆ. ಶಾಕ್ ಅಂದರೆ ಆ ನೀರು. ಕೊಳವೆ ತುಂಬ ಎಣ್ಣೆ, ಎಣ್ಣೆಯಲ್ಲಿ ಪಿಸ್ಟನ್, ಪಿಸ್ಟನ್‌ನಲ್ಲಿ ಸಣ್ಣ ತೂತುಗಳು, ತೂತುಗಳ ಮೇಲೆ ತೆಳ್ಳನೆಯ ಉಕ್ಕಿನ ಬಿಲ್ಲೆಗಳು. ಎಣ್ಣೆ ಆ ಬಿಲ್ಲೆಗಳನ್ನು ಬಗ್ಗಿಸಿಕೊಂಡು ನುಸುಳಬೇಕು. ಮೆಲ್ಲಗೆ ಒತ್ತಿದರೆ ದಾರಿ ಬಿಡುತ್ತದೆ, ರಭಸದಿಂದ ಒತ್ತಿದರೆ ಎದುರು ನಿಲ್ಲುತ್ತದೆ. ಕಾಲುವೆಯ ನೀರಿನಲ್ಲಿ ಅಂಗೈ ಅಗಲಿಸಿ ಆಡಿಸಿ ನೋಡಿ, ಗೊತ್ತಾಗುತ್ತದೆ. ಗಟ್ಟಿ ಮೊಸರಿನಲ್ಲಿ ಕಡಗೋಲು ಆಡಿಸಿದವರಿಗೂ ಗೊತ್ತು. ಬ್ಯಾಂಕಿನ ಬಾಗಿಲು ಧಡ್ ಅನ್ನದೆ ಮೆಲ್ಲಗೆ ಮುಚ್ಚಿಕೊಳ್ಳುತ್ತದಲ್ವಾ, ಅದರ ತಲೆಯ ಮೇಲಿನ ಡಬ್ಬಿಯಲ್ಲೂ ಇದೇ ಎಣ್ಣೆ, ಇದೇ ತೂತು. ಸ್ಪ್ರಿಂಗಿಗೆ ಬೇಕಾದ ಲೆಕ್ಕ ಎಷ್ಟು ದೂರ ಒತ್ತಿದಿರಿ ಅನ್ನುವುದು. ಶಾಕ್‌ಗೆ ಬೇಕಾದದ್ದು ಎಷ್ಟು ಬೇಗ ಒತ್ತಿದಿರಿ ಅನ್ನುವುದು. ಸ್ಪ್ರಿಂಗ್ ತಗೊಂಡದ್ದನ್ನು ವಾಪಸ್ ಕೊಡುತ್ತದೆ. ಶಾಕ್ ಅದನ್ನು ಶಾಖ ಮಾಡಿ ಗಾಳಿಗೆ ಬಿಡುತ್ತದೆ.

ಸ್ಪ್ರಿಂಗಿನ ಲೆಕ್ಕ ಹಿಡಿದವನು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್. 1676ರಲ್ಲಿ ಅದನ್ನು ಅಕ್ಷರಗಳ ಒಗಟು ಮಾಡಿ ಅಚ್ಚು ಹಾಕಿಸಿದ, ಬೇರೆ ಯಾರೂ ತಮ್ಮದು ಅನ್ನಬಾರದು ಅಂತ. 1678ರಲ್ಲಿ ಒಗಟು ಬಿಡಿಸಿದ: ಎಳೆತ ಎಷ್ಟೋ ಬಲ ಅಷ್ಟು. 1804ರಲ್ಲಿ ಒಬೆಡಾಯಾ ಎಲಿಯಟ್ ಕುದುರೆ ಗಾಡಿಗೆ ಉಕ್ಕಿನ ಪಟ್ಟಿಗಳ ಕಮಾನು ಸ್ಪ್ರಿಂಗಿಗೆ ಪೇಟೆಂಟ್ ಪಡೆದ. ಜಟಕಾ ಗಾಡಿಗೆ ಶಾಕ್ ಇರಲಿಲ್ಲ. ಆದರೂ ಅದು ಕುಣಿಯುತ್ತಲೇ ಇರುತ್ತಿರಲಿಲ್ಲ, ಯಾಕೆ? ಪಟ್ಟಿಗೆ ಪಟ್ಟಿ ಉಜ್ಜಿ ಕುಣಿತ ಅಲ್ಲೇ ಸಾಯುತ್ತಿತ್ತು. ಸಂಡೂರಿನ ಅದಿರು ಲಾರಿಗಳ ಕಮಾನಿನಲ್ಲಿ ಇವತ್ತಿಗೂ ಆ ಉಜ್ಜಾಟ ಇದೆ. ಕಾರಿನ ಸುರುಳಿ ಸ್ಪ್ರಿಂಗಿನಲ್ಲಿ ಉಜ್ಜಲು ಏನೂ ಇಲ್ಲ. ಹಾಗಾಗಿ ಶಾಕ್ ಇಲ್ಲದೆ ಅದಕ್ಕೆ ಗತಿ ಇಲ್ಲ.

ಈಗ ಆ ಕಟ್ ಮಾಡಿಸೋ ಮಾತು. ಕತ್ತರಿಸಿದರೆ ಸ್ಪ್ರಿಂಗ್ ಮೆತ್ತಗಾಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಆಗುವುದು ಉಲ್ಟಾ. ಕೆಲಸ ಮಾಡುವ 6 ಸುತ್ತಿನಲ್ಲಿ 1 ಹೋದರೆ ಉಳಿದ 5 ಸುತ್ತು ಶೇಕಡಾ 20ರಷ್ಟು ಗಟ್ಟಿಯಾಗುತ್ತವೆ. ಕಾರು ಕೆಳಗೆ ಕೂರುತ್ತದೆ, ಬಗ್ಗಲು ಇದ್ದ ಜಾಗ ಕಮ್ಮಿಯಾಗುತ್ತದೆ, ಗುಂಡಿ ಬಂದಾಗ ಕೊನೆಯ ತಡೆಯಾಗಿರುವ ರಬ್ಬರ್ ಬಂಪ್ ಸ್ಟಾಪ್‌ಗೆ ನೇರ ಬಡಿಯುತ್ತದೆ. ಕತ್ತರಿಸಿದ ತುದಿ ಸ್ಪ್ರಿಂಗ್ ಕೂರುವ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ, ಚಕ್ರ ನೇತಾಡಿದಾಗ ಸ್ಪ್ರಿಂಗ್ ಜಾರಲೂಬಹುದು. ದಯವಿಟ್ಟು ಮಾಡಿಸಬೇಡಿ.

ಗಟ್ಟಿ ಇದ್ದರೇ ಸ್ಪೋರ್ಟ್ಸ್ ಅನ್ನುವುದೂ ತಪ್ಪು. 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5 ಸುಮಾರು ಒಂದು ಟನ್ ತೂಕದ ಎರಡು ಸೀಟಿನ ಕಾರು. ಅದರ ಸ್ಪ್ರಿಂಗ್ ಮೆತ್ತಗೇ ಇತ್ತು, ಆದರೂ ತಿರುವುಗಳಲ್ಲಿ ಜಗತ್ತಿನ ತುಂಬ ಹೆಸರು ಮಾಡಿತು. ಅಷ್ಟು ತೂಕದ ಕಾರಿನಲ್ಲಿ ಚಕ್ರವೊಂದಕ್ಕೆ 250 ಕೆಜಿ ಬೀಳುತ್ತದೆ ಅಂದುಕೊಳ್ಳಿ. ಸೆಕೆಂಡಿಗೆ 1.3 ಸಲ ಕುಣಿಯುವ ಸ್ಪ್ರಿಂಗ್ ಆ ಭಾರಕ್ಕೆ ಸುಮಾರು 15 ಸೆಂಟಿಮೀಟರ್ ಕುಗ್ಗುತ್ತದೆ. ಎರಡು ಪಟ್ಟು ಗಟ್ಟಿ ಸ್ಪ್ರಿಂಗ್ ಹಾಕಿದರೆ ಕುಣಿತ 1.8ಕ್ಕೆ ಏರುತ್ತದೆ. ಅದನ್ನು ಮೊದಲಿನಷ್ಟೇ ಚೆನ್ನಾಗಿ ಹಿಡಿಯಲು ಶಾಕ್ ಸುಮಾರು ಶೇಕಡಾ 40 ಜಾಸ್ತಿ ಎದುರು ನಿಲ್ಲಬೇಕು. ಹಳೇ ಶಾಕ್ ಮೇಲೆ ಗಟ್ಟಿ ಸ್ಪ್ರಿಂಗ್ ಕೂರಿಸಿದವರ ಕಾರು ಕುದುರೆ ಹಾಗೆ ಕುಪ್ಪಳಿಸುವುದು ಇದಕ್ಕೇ. ಅದಕ್ಕೇ ಮೊದಲು ಸ್ಪ್ರಿಂಗ್ ಯಾವುದು ಅಂತ ತೀರ್ಮಾನ ಮಾಡಿಕೊಳ್ಳಿ, ಶಾಕ್ ಆಮೇಲೆ.

ಬಿಲ್‌ಸ್ಟೈನ್‌ನ ಬಿ6 ಒಂದೇ ಕೊಳವೆಯ ಶಾಕ್. ಒಳಗೆ ಎಣ್ಣೆಯ ಬೆನ್ನಿಗೆ ಒತ್ತಡದ ನೈಟ್ರೋಜನ್ ಇರುತ್ತದೆ. ಗೋಲಿ ಸೋಡಾದಲ್ಲಿ ಗೋಲಿ ಒತ್ತುವ ತನಕ ಗುಳ್ಳೆ ಏಳಲ್ಲ ಅಲ್ವಾ? ಹಾಗೇ ಒತ್ತಡದಲ್ಲಿರುವ ಎಣ್ಣೆ ಬೇಗ ನೊರೆಯಾಗುವುದಿಲ್ಲ. ನೊರೆ ಎಣ್ಣೆಗೆ ಹಿಡಿತ ಇಲ್ಲ. ಕೋನಿಯ ಹಳದಿ ಶಾಕ್‌ನಲ್ಲಿ ಸ್ಪ್ರಿಂಗ್ ಹಿಂದಕ್ಕೆ ಚಿಮ್ಮುವಾಗಿನ ಹಿಡಿತವನ್ನು ಕೈಯಲ್ಲಿ ತಿರುಗಿಸಿ ಹೆಚ್ಚು ಕಮ್ಮಿ ಮಾಡಬಹುದು. ಐಬಾಕ್ ತರಹದ ಕಂಪನಿಗಳ ಗಿಡ್ಡ ಸ್ಪ್ರಿಂಗ್ ಹಾಕಿ ಕಾರು ತಗ್ಗಿಸುವವರಿಗೆ ಬಿಲ್‌ಸ್ಟೈನ್‌ನಲ್ಲೇ ಗಿಡ್ಡ ಬಿ8 ಇದೆ. ನಮ್ಮ ಸಿರುಗುಪ್ಪ, ಕುರುಗೋಡು ರಸ್ತೆಗಳಿಗೆ ತಗ್ಗಿಸುವುದು ಬೇಡವೇ ಬೇಡ. ಕಂಪನಿ ಸ್ಪ್ರಿಂಗ್ ಇಟ್ಟುಕೊಂಡು ಒಳ್ಳೆಯ ಶಾಕ್ ಹಾಕಿಸುವುದೇ ನನ್ನ ಆಯ್ಕೆ. ಅಕ್ಕನ ಮಗನೂ ಹಾಗೇ ಬಿ6 ಹಾಕಿಸಿದ.

ಜನವರಿಯ ಒಂದು ಬೆಳಿಗ್ಗೆ, ಇನ್ನೂ ಚಳಿ ಇರುವಾಗಲೇ, ಕುರುಗೋಡಿಗೆ ಹೋಗಿ ಬಂದೆವು. ಪೋಲೊದ ಹಿಂದಿನ ಚಕ್ರದಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ ನಿಂತಿರುತ್ತವೆ. ಇಳಿದ ಕೂಡಲೇ ಅವನನ್ನು ಕೂರಿಸಿ ಮುಟ್ಟಿಸಿದೆ. ಮಣ್ಣು ಮೆತ್ತಿದ ಸ್ಪ್ರಿಂಗ್ ತಣ್ಣಗಿತ್ತು. ಪಕ್ಕದ ಶಾಕ್ ಮೇಲೆ ಮುಂಗೈ ಇಟ್ಟವನು ತೆಗೆಯಲೇ ಇಲ್ಲ. "ಮಾಮ, ಇದು ಬೆಚ್ಚಗೈತೆ!" ಅಂದ. ದಾರಿಯ ಗುಂಡಿಗಳೆಲ್ಲ ಅಲ್ಲಿದ್ದವು.