ನಕ್ಷೆಗೆ ಬಾರದ ಊರು

ಕುಮಟಾ, ಅಂಕೋಲಾ ಕಡೆಯ ಗ್ರಾಮ ಪಂಚಾಯತಿಗಳಿಗೆ ಕರಾವಳಿ ನಕ್ಷೆಗಳನ್ನು ಓದಿ ಹೇಳುವುದು ಮತ್ತು ಆಕ್ಷೇಪಣೆ ಬರೆಯಲು ನೆರವಾಗುವುದು ನನ್ನ ಕೆಲಸ. ಕರಾವಳಿ ವಲಯ ನಿರ್ವಹಣಾ ಯೋಜನೆಯ ಕರಡು ನಕ್ಷೆಯನ್ನು ಮೇಜಿನ ಮೇಲೆ ಹರಡಿದ ಕೂಡಲೇ ಬರುವ ಪ್ರಶ್ನೆ ಎಲ್ಲ ಊರಿನಲ್ಲೂ ಒಂದೇ: “ಸರ್, ನಮ್ಮನೆ ಇನ್ನೂರು ಮೀಟರ್ ಒಳಗೋ, ಹೊರಗೋ?” ಪ್ರಶ್ನೆಯಲ್ಲಿ ತಪ್ಪಿಲ್ಲ. ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) 2019ರ ಅಧಿಸೂಚನೆಯಂತೆ ಕಡಲ ದಂಡೆಯ ಹಳ್ಳಿಯ ಜನಸಾಂದ್ರತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚಿದ್ದರೆ ಉಬ್ಬರದ ಗೆರೆಯಿಂದ 50 ಮೀಟರ್, ಇಲ್ಲದಿದ್ದರೆ 200 ಮೀಟರ್ ನಿಷಿದ್ಧ ವಲಯ. ಮನೆ ಕಟ್ಟಬೇಕೆಂದಿರುವವನಿಗೆ ಇದು ಚಿಂತೆಯ ವಿಷಯವೇ. ಆದರೆ ತಮ್ಮ ಮನೆಯ ಉತ್ತರ ಸಿಕ್ಕ ಮೇಲೆ ಮುಕ್ಕಾಲು ಜನ ಚಹಾಕ್ಕೆ ಎದ್ದು ಹೋಗುತ್ತಾರೆ, ನಕ್ಷೆಯ ಉಳಿದ ಭಾಗವನ್ನು ನಾನು ಮತ್ತು ಪಂಚಾಯತಿ ಕಾರ್ಯದರ್ಶಿ ಇಬ್ಬರೇ ನೋಡುತ್ತಾ ಕೂರುತ್ತೇವೆ. ನನಗೆ ಸಿಟ್ಟು ಬರುವುದು ಇಲ್ಲಿಯೇ.

ಆ ಉಳಿದ ಭಾಗದಲ್ಲಿ ಇರುವುದು ಊರಿನ ಅನ್ನ. ಮೀನು ಒಣಗಿಸುವ ಮರಳು, ದೋಣಿ ಎಳೆದಿಡುವ ಜಾಗ, ಬಲೆ ಹೆಣೆಯುವ ನೆರಳು, ಬೆಳಚು ಎಂಬ ಚಿಪ್ಪುಜೀವಿ ಹೆಕ್ಕುವ ಕೆಸರು ದಿಣ್ಣೆ, ಇವುಗಳಲ್ಲಿ ಯಾವುದಕ್ಕೂ ಪಹಣಿಯಲ್ಲಿ ಊರವರ ಹೆಸರಿಲ್ಲ. ಕಂದಾಯ ದಾಖಲೆಯಲ್ಲಿ ಅದು ಸರ್ಕಾರಿ ಪಡ ಅಥವಾ ಖರಾಬು. ಉಪಗ್ರಹದ ಚಿತ್ರದಲ್ಲಿ ಬರೀ ಮರಳು. ಮಳೆಗಾಲದಲ್ಲಿ ತೆಗೆದ ಚಿತ್ರವಾದರೆ ಅಲ್ಲಿ ಒಂದು ಚಾಪೆಯೂ ಕಾಣುವುದಿಲ್ಲ, ಏಕೆಂದರೆ ಮೀನು ಒಣಗುವುದು ಬಿಸಿಲಿನ ತಿಂಗಳುಗಳಲ್ಲಿ. ಉಬ್ಬರದ ಹೊತ್ತಿನಲ್ಲಿ ಉಪಗ್ರಹ ಹಾದುಹೋಗಿದ್ದರೆ ಬೆಳಚಿನ ದಿಣ್ಣೆ ಬರೀ ನೀರು. ಚೆನ್ನೈಯಲ್ಲೋ ಬೆಂಗಳೂರಿನಲ್ಲೋ ಕುಳಿತು ನಕ್ಷೆ ತಯಾರಿಸುವ ತಂತ್ರಜ್ಞನಲ್ಲಿ ದುರುದ್ದೇಶವಿದೆ ಎಂದು ನಾನು ಭಾವಿಸುವುದಿಲ್ಲ. ಅವನಿಗೆ ಕಂಡದ್ದನ್ನು ಅವನು ಗೆರೆ ಎಳೆದಿದ್ದಾನೆ. ಕಾಣದ್ದನ್ನು ಹೇಳಬೇಕಾದವರು ನಾವು, ಹೇಳಬೇಕಾದ ಹೊತ್ತು ಕರಡು ಪ್ರಕಟವಾಗಿ ಆಕ್ಷೇಪಣೆ ಕೇಳುವ ಆ ಕೆಲವು ವಾರಗಳು.

ಇದು ಯಾರೋ ಕೊಡುವ ದಯೆಯಲ್ಲ ಎಂಬುದನ್ನು ಎಷ್ಟು ಸಲ ಹೇಳಿದರೂ ಸಾಲದು. ಮೀನುಗಾರರ ಊರು, ಅವರ ಸಾಮುದಾಯಿಕ ಆಸ್ತಿ, ಜೆಟ್ಟಿ, ಐಸ್ ಪ್ಲಾಂಟ್, ಮೀನು ಒಣಗಿಸುವ ಜಾಗ, ಶಾಲೆ, ರಸ್ತೆ, ಇವೆಲ್ಲವನ್ನೂ ಸರ್ವೆ ನಂಬರ್ ಸಹಿತವಾದ ಗ್ರಾಮ ಮಟ್ಟದ ನಕ್ಷೆಗಳಲ್ಲಿ ತೋರಿಸಬೇಕು, ಮೀನುಗಾರ ಕುಟುಂಬಗಳ ಮುಂದಿನ ವಸತಿ ಅಗತ್ಯಕ್ಕೂ ಯೋಜನೆ ಮಾಡಬೇಕು ಎಂದು 2011ರ ಅಧಿಸೂಚನೆಯೇ ಹೇಳಿತ್ತು. ಅಂದರೆ ನಿಮ್ಮ ಒಣಮೀನಿನ ಜಾಗ ನಕ್ಷೆಯಲ್ಲಿ ಇಲ್ಲದಿದ್ದರೆ ಆ ನಕ್ಷೆ ಅಪೂರ್ಣ, ಅದನ್ನು ತುಂಬಿಸಿ ಎಂದು ಕೇಳುವುದು ನಿಯಮದ ಪ್ರಕಾರವೇ ಕೇಳಿದಂತೆ. ಅದು ಖಾಲಿ ಮರಳಾಗಿ ಉಳಿದರೆ, ನಾಳೆ ರಸ್ತೆಗೋ ರೆಸಾರ್ಟಿಗೋ ಬಂದರಿನ ದಾಸ್ತಾನಿಗೋ ಜಾಗ ಹುಡುಕುವವರಿಗೆ ಮೊದಲು ಕಣ್ಣಿಗೆ ಬೀಳುವುದು ಅದೇ.

ಒಂದು ಸಾರ್ವಜನಿಕ ವಿಚಾರಣೆಯಲ್ಲಿ ಊರಿನ ಹಿರಿಯರೊಬ್ಬರು ಕಡಲಿಗೂ ತಮಗೂ ಇರುವ ಸಂಬಂಧದ ಕುರಿತು ಬಹಳ ಹೊತ್ತು ಮಾತನಾಡಿದರು. ಸಭೆ ಚಪ್ಪಾಳೆ ತಟ್ಟಿತು, ನನಗೂ ಗಂಟಲು ಕಟ್ಟಿತು. ಆಮೇಲೆ ನಡಾವಳಿ ತರಿಸಿ ನೋಡಿದರೆ ಆ ಮಾತಿಗೆಲ್ಲ ಸೇರಿ ಒಂದೇ ಸಾಲು: “ಗ್ರಾಮಸ್ಥರು ವಿರೋಧ ವ್ಯಕ್ತಪಡಿಸಿದರು.” ಬರೆದುಕೊಂಡವರನ್ನು ದೂರುವುದು ಸುಲಭ, ಆದರೆ ಆ ಭಾಷಣದಲ್ಲಿ ನಕ್ಷೆಯ ಮೇಲೆ ಗುರುತಿಸಬಹುದಾದ ಒಂದು ಜಾಗದ ಹೆಸರೂ ಇರಲಿಲ್ಲ. ನಕ್ಷೆಯ ಹಾಳೆ ಸಂಖ್ಯೆ, ಸರ್ವೆ ನಂಬರ್, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಏನು ಬಳಕೆ, ಎಷ್ಟು ಕುಟುಂಬ, ಸ್ಥಳದ ಗುರುತಿರುವ ಫೋಟೋ, ಇವಿಷ್ಟು ಇರುವ ಅರ್ಧ ಪುಟದ ಅರ್ಜಿಗೆ ಕಚೇರಿ ಏನಾದರೂ ಉತ್ತರ ಬರೆಯಲೇಬೇಕಾಗುತ್ತದೆ. ಸಹಿಗಳ ಕಟ್ಟಿಗೆ ಹಾಗಲ್ಲ.

ಅಘನಾಶಿನಿ ಅಳಿವೆಯ ಊರುಗಳಲ್ಲಿ ಈಗ ಇನ್ನೊಂದು ನಿಶ್ಚಿಂತೆ ಹುಟ್ಟಿಕೊಂಡಿದೆ. 2024ರ ಆರಂಭದಲ್ಲಿ ಅಳಿವೆಯ 4,801 ಹೆಕ್ಟೇರು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು, ಇನ್ನು ಯಾರೂ ಮುಟ್ಟುವಂತಿಲ್ಲ ಎಂಬುದು ಅದರ ತಾತ್ಪರ್ಯ. ಸಂತೋಷದ ವಿಷಯ ಹೌದು, ಆದರೆ 2017ರ ಜೌಗುಪ್ರದೇಶ ನಿಯಮಗಳು ಕರಾವಳಿ ನಿಯಂತ್ರಣ ವಲಯದೊಳಗಿನ ಜೌಗುಪ್ರದೇಶಗಳನ್ನು ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿವೆ. ನಾನು ವಕೀಲನಲ್ಲ, ನ್ಯಾಯಾಲಯ ನಾಳೆ ಏನು ಹೇಳುತ್ತದೆಂದು ಹೇಳಲಾರೆ. ಆದರೂ ನನಗೆ ತಿಳಿದಂತೆ ಅಳಿವೆಯ ಉಪ್ಪುನೀರಿನ ಭಾಗಕ್ಕೆ ದಿನನಿತ್ಯದ ರಕ್ಷಣೆ ಸಿಗಬೇಕಾದದ್ದು ಮತ್ತೆ ಇದೇ ಸಿಆರ್‌ಝಡ್ ನಕ್ಷೆಯಿಂದ.

ಗಜನಿಯ ವಿಚಾರ ಇನ್ನೂ ಸೂಕ್ಷ್ಮ. ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಿದ್ದ ಈ ಗದ್ದೆಗಳ ಅಂಚಿಗೆ ಕಟ್ಟೆಗಳಿವೆ, ನೀರು ಬಿಡಲು ಮತ್ತು ತಡೆಯಲು ಬಾಗಿಲುಗಳಿವೆ. 2019ರ ಅಧಿಸೂಚನೆಯ ಪ್ರಕಾರ ಕಟ್ಟೆ ಅಥವಾ ಬಾಗಿಲು 1991ರ ಫೆಬ್ರುವರಿ 19ಕ್ಕಿಂತ ಮೊದಲಿನದಾದರೆ ಉಬ್ಬರದ ಗೆರೆ ಅಲ್ಲಿಗೇ ನಿಲ್ಲುತ್ತದೆ. ಆ ಕಟ್ಟೆಯಾಚೆ ಉಪ್ಪುನೀರು ನುಗ್ಗಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಬೆಳೆದಿದ್ದರೆ ಮಾತ್ರ ಆ ಭಾಗ ಅತಿ ಸೂಕ್ಷ್ಮ ವರ್ಗಕ್ಕೆ ಸೇರುತ್ತದೆ. ಕಟ್ಟೆಯ ವಯಸ್ಸು ಉಪಗ್ರಹಕ್ಕೆ ತಿಳಿಯುವುದಿಲ್ಲ. ಅದು ತಿಳಿದಿರುವುದು ಗಜನಿ ಸಾಗುವಳಿ ಮಾಡಿದ ಹಿರಿಯರಿಗೆ ಮತ್ತು ಯಾವುದೋ ಕಪಾಟಿನಲ್ಲಿರುವ ಹಳೆಯ ಕಾಗದಕ್ಕೆ. ನೆನಪನ್ನು ಮಾತ್ರ ನಂಬಿ ಬರೆಯಬೇಡಿ, ಕಾಗದ ಸಿಕ್ಕರೆ ಪ್ರತಿ ಲಗತ್ತಿಸಿ. ಹಾಗೆಯೇ, ಸಿಗುವ ಉತ್ತರ ನಿಮ್ಮೆಲ್ಲರಿಗೂ ಹಿಡಿಸುವಂತೆಯೇ ಇರುತ್ತದೆ ಎಂಬ ಭರವಸೆ ನಾನು ಕೊಡಲಾರೆ: ಸಿಗಡಿ ಕೆರೆ ಮಾಡಿಕೊಂಡವರಿಗೂ ಕಗ್ಗ ಉಳಿಸಬೇಕೆನ್ನುವವರಿಗೂ ಆ ಗೆರೆಯಿಂದ ಬೇರೆ ಬೇರೆ ಲಾಭನಷ್ಟಗಳಿವೆ, ಅದನ್ನು ಗ್ರಾಮಸಭೆಯಲ್ಲೇ ಎದುರುಬದುರು ಮಾತನಾಡಿಕೊಳ್ಳಬೇಕು.

ಹೆಂಗಸರನ್ನು ಬಿಟ್ಟು ಈ ಕೆಲಸ ಆಗುವುದಿಲ್ಲ. ಇಳಿತದ ಹೊತ್ತಿಗೆ ಬೆಳಚು ಹೆಕ್ಕಲು ಹೋಗುವವರ ಜೊತೆ ಒಮ್ಮೆ ನಕ್ಷೆ ಹಿಡಿದು ದಂಡೆಯ ಮೇಲೆ ನಿಂತಿದ್ದೆ. ಅವರಲ್ಲೊಬ್ಬರು ಹಾಳೆಯನ್ನು ತಲೆಕೆಳಗು ಮಾಡಿ, “ತಮಾ, ಹಿಂಗೆ ಹಿಡಿ, ನೀರು ಬರೂದು ಈ ಬದಿಯಿಂದ” ಎಂದರು. ನಂತರ ಯಾವ ದಿಣ್ಣೆಯಲ್ಲಿ ಬೆಳಚು ಕಡಿಮೆಯಾಗಿದೆ, ಮರಳು ತೆಗೆದದ್ದರಿಂದ ಎಲ್ಲಿ ಹೊಂಡ ಬಿದ್ದಿದೆ ಎಂದು ಒಂದೊಂದಾಗಿ ಬೆರಳಿಟ್ಟು ತೋರಿಸಿದರು. ಮಾರನೆಯ ದಿನದ ಸಭೆಗೆ ಅವರಲ್ಲಿ ಯಾರಿಗೂ ಕರೆ ಹೋಗಿರಲಿಲ್ಲ. ಕೇಳಿದರೆ, “ಅವರಿಗೆ ನಕ್ಷೆ ಎಲ್ಲಿ ತಿಳೀತದೆ ಸರ್” ಎಂದರು ಒಬ್ಬ ಸದಸ್ಯರು. ನಾನು ಆ ಹೊತ್ತಿಗೆ ಉತ್ತರ ಕೊಡಲಿಲ್ಲ, ಇಲ್ಲಿ ಕೊಡುತ್ತಿದ್ದೇನೆ.

ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ನಕ್ಷೆಯಲ್ಲಿ ಮೀನು ಒಣಗಿಸುವ ಜಾಗವೆಂದು ಗುರುತಾದ ಮಾತ್ರಕ್ಕೆ ಅದು ಹಕ್ಕುಪತ್ರವಾಗುವುದಿಲ್ಲ, ಯಾವ ಯೋಜನೆಯೂ ತನ್ನಿಂದ ತಾನೇ ನಿಂತುಹೋಗುವುದಿಲ್ಲ. ಆದರೆ ಪರಿಸರ ಅನುಮತಿ ಕೇಳುವವರು ‘ಇಲ್ಲಿ ಯಾವ ಬಳಕೆಯೂ ಇಲ್ಲ’ ಎಂದು ಬರೆದುಕೊಡುವುದು ಕಷ್ಟವಾಗುತ್ತದೆ, ಬರೆದರೂ ಪ್ರಶ್ನಿಸಲು ನಿಮ್ಮ ಕೈಯಲ್ಲಿ ದಾಖಲೆ ಇರುತ್ತದೆ. ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿಯೂ ಇರಬೇಕು. ಆ ದಾಖಲಾತಿಯಲ್ಲಿ ಬೆಳಚಿನ ದಿಣ್ಣೆ, ಕಗ್ಗದ ಗಜನಿ, ಒಣಮೀನಿನ ಮರಳು ಸೇರಿದ್ದರೆ ಆಕ್ಷೇಪಣೆಗೆ ಅದನ್ನೇ ಲಗತ್ತಿಸಬಹುದು. ಸೇರಿಲ್ಲದಿದ್ದರೆ ಮುಂದಿನ ಕರಡು ನಕ್ಷೆಗೆ ಕಾಯಬೇಡಿ, ಮಳೆಗಾಲ ಕಳೆದು ಮರಳಿನ ಮೇಲೆ ಮೀನು ಹರಡುವ ವಾರದಲ್ಲೇ ಫೋಟೋ ತೆಗೆದು ದಾಖಲಾತಿಗೆ ಸೇರಿಸಲು ಸಮಿತಿಗೆ ಬರೆದುಕೊಡಿ, ಸ್ವೀಕೃತಿಯ ಸಹಿ ಹಾಕಿಸಿಕೊಂಡ ಪ್ರತಿಯೊಂದನ್ನು ಪಂಚಾಯತಿಯಲ್ಲಿ ಬಿಟ್ಟು ಬರದೆ ನಿಮ್ಮ ಮನೆಯಲ್ಲಿಟ್ಟುಕೊಳ್ಳಿ.