ಹೆಡ್ ಕೆಲಸ ಮಾಡಿದರೆ ಹಾರ್ಸ್‌ಪವರ್ ಎಲ್ಲಿಂದ ಬರುತ್ತದೆ? ಶೆವರ್ಲೆ 350 ಉದಾಹರಣೆ

ಮೊದಲು ಈ ಲೆಕ್ಕ ಬರೆದುಕೊಳ್ಳಿ: ಟಾರ್ಕ್ × ಆರ್‌ಪಿಎಂ ÷ 5252 = ಹಾರ್ಸ್‌ಪವರ್. ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ) ಪೌಂಡ್-ಅಡಿಯಲ್ಲಿರಬೇಕು, ಆರ್‌ಪಿಎಂ ಅಂದರೆ ನಿಮಿಷಕ್ಕೆ ಎಂಜಿನ್ ಎಷ್ಟು ಸುತ್ತು ತಿರುಗುತ್ತದೆ ಎಂಬುದು. 4000 ಆರ್‌ಪಿಎಂನಲ್ಲಿ 300 ಟಾರ್ಕ್ ಸಿಕ್ಕರೆ ಸುಮಾರು 228 ಎಚ್‌ಪಿ. ಅದೇ 300 ಅನ್ನು 5500ರಲ್ಲೂ ಉಳಿಸಿಕೊಂಡರೆ 314. ಟಾರ್ಕ್ ಒಂದಿಷ್ಟೂ ಏರಲಿಲ್ಲ, ಪವರ್ ಮಾತ್ರ ಏರಿತು, ಅಲ್ವಾ? ಸ್ಪೀಡ್ ಏರಿದಂತೆ ಟಾರ್ಕ್ ಬಿದ್ದುಹೋಗುವುದು ಹೆಚ್ಚಾಗಿ ಸಿಲಿಂಡರ್ ತುಂಬಲು ಗಾಳಿಗೆ ಸಮಯ ಸಾಲದೆ. ಹೆಡ್ (ಸಿಲಿಂಡರ್ ಮೇಲೆ ಕೂರುವ ಭಾಗ), ವಾಲ್ವ್ (ಗಾಳಿಯನ್ನು ಒಳಗೆ ಹೊರಗೆ ಬಿಡುವ ಬಾಗಿಲು), ಕ್ಯಾಮ್ (ವಾಲ್ವ್ ಎತ್ತುವ ಉಬ್ಬುಗಳಿರುವ ದಂಡ) ಇವುಗಳಿಗೆ ಕೈ ಹಾಕುವುದು ಇದಕ್ಕಾಗಿಯೇ.

ಕಲಿಯಲು ಅಮೆರಿಕದ ಶೆವರ್ಲೆ ಸ್ಮಾಲ್-ಬ್ಲಾಕ್ 350 ವಿ8 ಎಂಜಿನ್ (ಎಂಟು ಸಿಲಿಂಡರ್, 350 ಘನ ಇಂಚು) ಒಳ್ಳೆಯದು. ಬೋರ್ (ಸಿಲಿಂಡರಿನ ವ್ಯಾಸ) 4.00 ಇಂಚು, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 3.48 ಇಂಚು. ಒಂದು ಕಾಲದ ಹೆಡ್ಡನ್ನು ಇನ್ನೊಂದು ಕಾಲದ ಬ್ಲಾಕ್ ಮೇಲೆ ಕೂರಿಸಲು ಆಗುವುದರಿಂದ ಹೋಲಿಸಿ ನೋಡುವುದು ಸುಲಭ. ಹಳೆಯ ಹೈ-ಪರ್ಫಾರ್ಮೆನ್ಸ್ ಹೆಡ್‌ಗಳಲ್ಲಿ ಇನ್‌ಟೇಕ್ ವಾಲ್ವ್ (ಗಾಳಿ ಒಳಬಿಡುವುದು) ವ್ಯಾಸ 2.02 ಇಂಚು. 1996ರಿಂದ ಟ್ರಕ್‌ಗಳಿಗೆ ಬಂದ ವೋರ್ಟೆಕ್ ಹೆಡ್‌ನಲ್ಲಿ 1.94 ಮಾತ್ರ. ಆದರೂ ಗಾಳಿ ಬಿಡುವುದರಲ್ಲಿ ವೋರ್ಟೆಕ್ಕೇ ಮೇಲು. ಕಾರಣ ಪೋರ್ಟಿನ, ಅಂದರೆ ಹೆಡ್ ಒಳಗಿನ ಗಾಳಿದಾರಿಯ, ಆಕಾರ. ದೊಡ್ಡ ವಾಲ್ವ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿಗೆ ಇದನ್ನು ತೋರಿಸಿ.

ಕೈಕೆಲಸಕ್ಕೆ ಹೆಚ್ಚು ಫಲ ಸಿಗುವ ಜಾಗ ವಾಲ್ವ್ ಸೀಟಿನ (ಮುಚ್ಚಿದಾಗ ವಾಲ್ವ್ ಕೂರುವ ಅಂಚು) ಆಚೆ ಈಚೆಯ ಅರ್ಧ ಇಂಚು. ಗಾಳಿ ತಿರುಗಿ ಒಳಗೆ ನುಗ್ಗುವುದು ಅಲ್ಲೇ. ಸೀಟಿಗೆ ಒಂದೇ ಕೋನ ಬಿಡದೆ 30, 45, 60 ಡಿಗ್ರಿ ಎಂದು ಮೂರು ಕೋನ ಕತ್ತರಿಸುತ್ತಾರೆ. ವಾಲ್ವ್ ಕೂತು ಸೀಲ್ ಆಗುವುದು 45ರ ಮೇಲೆ. ಉಳಿದೆರಡು ಗಾಳಿಯನ್ನು ಮೆಲ್ಲಗೆ ತಿರುಗಿಸಲು. ಸೀಟಿನ ಕೆಳಗೆ ಎರಕದಲ್ಲಿ ಉಳಿದ ಏಣನ್ನೂ ಉಜ್ಜಿ ನಯಮಾಡಬೇಕು. ಇನ್‌ಟೇಕ್ ಪೋರ್ಟನ್ನು ಕನ್ನಡಿಯಂತೆ ಪಾಲಿಶ್ ಮಾಡುವುದು, ನನ್ನ ಪ್ರಕಾರ, ಸುಮ್ನೆ ಶೋಕಿ. ಕಾರ್ಬುರೇಟರ್ ಎಂಜಿನ್ನಿನಲ್ಲಿ ಸ್ವಲ್ಪ ಒರಟು ಗೋಡೆಯೇ ಒಳ್ಳೆಯದು, ಪೆಟ್ರೋಲ್ ಗೋಡೆಗೆ ಹಿಡಿದು ಹನಿಯಾಗಿ ಹರಿಯುವುದಿಲ್ಲ. ಪೋರ್ಟನ್ನು ಅಳತೆ ಮೀರಿ ಅಗಲ ಮಾಡಿದರೂ ಕಷ್ಟ. ಕಡಿಮೆ ಸ್ಪೀಡಿನಲ್ಲಿ ಗಾಳಿಯ ವೇಗ ಕುಸಿದು ಎಂಜಿನ್ ಸಪ್ಪೆಯಾಗುತ್ತದೆ.

ಚೇಂಬರ್ (ಹೆಡ್ಡಿನಲ್ಲಿ ಪೆಟ್ರೋಲ್ ಉರಿಯುವ ಗುಳಿ) ವಿಷಯ ಬರೀ ಲೆಕ್ಕ. 350ರ ಒಂದು ಸಿಲಿಂಡರ್ ಸುಮಾರು 717 ಸಿಸಿ. ಚೇಂಬರ್ 76 ಸಿಸಿ, ಗ್ಯಾಸ್ಕೆಟ್ ಮತ್ತು ಪಿಸ್ಟನ್ ಮೇಲಿನ ಜಾಗ 12 ಎಂದಿಟ್ಟುಕೊಂಡರೆ ಕಂಪ್ರೆಷನ್ (ಒಟ್ಟು ಜಾಗವನ್ನು ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗದಿಂದ ಭಾಗಿಸಿದ್ದು) 9.1. ಚೇಂಬರ್ 64 ಸಿಸಿ ಇರುವ ಹೆಡ್ ಹಾಕಿದರೆ 10.4. ಪವರ್ ಏರುತ್ತದೆ, ನಾಕಿಂಗ್ (ಪೆಟ್ರೋಲ್ ತಾನಾಗಿ ಹತ್ತಿಕೊಂಡು ಬಡಿಯುವುದು) ಭಯವೂ ಏರುತ್ತದೆ.

ಇನ್ನು ವಾಲ್ವ್ ಎಷ್ಟು ಏಳಬೇಕು? ಎದ್ದ ವಾಲ್ವಿನ ಸುತ್ತ ತೆರೆಯುವ ಕಿಂಡಿಯ ವಿಸ್ತೀರ್ಣ π × ವ್ಯಾಸ × ಲಿಫ್ಟ್. ಲಿಫ್ಟ್ ವಾಲ್ವ್ ವ್ಯಾಸದ ಕಾಲು ಭಾಗಕ್ಕೆ ಬಂದಾಗ ಇದು ವಾಲ್ವಿನ ಪೂರ್ತಿ ವಿಸ್ತೀರ್ಣಕ್ಕೆ ಸಮ. 1.94 ಇಂಚಿಗೆ ಅದು 0.485. ಈಗ ಕ್ಯಾಮ್ ಲೋಬ್ (ಕ್ಯಾಮಿನ ಉಬ್ಬು) 0.300 ಇಂಚು ಎತ್ತುತ್ತದೆ ಅನ್ನಿ. ಆ ಎತ್ತುವಿಕೆಯನ್ನು ಹಿಗ್ಗಿಸಿ ವಾಲ್ವಿಗೆ ಮುಟ್ಟಿಸುವ ಸನ್ನೆಗೋಲು ರಾಕರ್; 1.5 ಅನುಪಾತದ ರಾಕರ್‌ನಲ್ಲಿ ಲಿಫ್ಟ್ 0.450. ರಾಕರ್ 1.6 ಹಾಕಿದರೆ 0.480. ಕ್ಯಾಮ್ ಮುಟ್ಟದೆಯೇ ಲಿಫ್ಟ್ ಏರಿತು.

ಆದರೆ ವೋರ್ಟೆಕ್ ಹೆಡ್ ಸಿಕ್ಕಿಬೀಳುವುದೂ ಇಲ್ಲೇ. ಕಂಪನಿಯಿಂದ ಬಂದ ಸ್ಥಿತಿಯಲ್ಲಿ ಸುಮಾರು 0.470 ದಾಟಿದರೆ ವಾಲ್ವ್ ಸ್ಪ್ರಿಂಗ್ ಮೇಲಿನ ರಿಟೇನರ್ (ಸ್ಪ್ರಿಂಗ್ ಹಿಡಿಯುವ ತಟ್ಟೆ) ಇಳಿದು ಗೈಡಿನ (ವಾಲ್ವಿನ ಕಾಂಡ ಜಾರುವ ಕೊಳವೆ) ತುದಿಗೆ ಬಡಿಯುತ್ತದೆ. ಗೈಡಿನ ತಲೆ ಕತ್ತರಿಸಬೇಕು, ಇಲ್ಲವೇ ಬೇರೆ ರಿಟೇನರ್ ಹಾಕಬೇಕು. ಸ್ಪ್ರಿಂಗ್ ಪೂರ್ತಿ ಅದುಮಿದಾಗ ಸುತ್ತು ಸುತ್ತಿಗೆ ತಗುಲುತ್ತದೆಯೇ ಎಂದೂ ನೋಡಬೇಕು. ಸ್ಪ್ರಿಂಗ್ ಮೆತ್ತಗಿದ್ದರೆ ಜಾಸ್ತಿ ಸ್ಪೀಡಿನಲ್ಲಿ ವಾಲ್ವ್ ಕ್ಯಾಮಿನ ಹಿಂದೆ ಓಡಲಾರದೆ ತೇಲುತ್ತದೆ. ಅತಿ ಗಡುಸಾದರೆ ಲೋಬ್ ಮತ್ತು ಅದರ ಮೇಲೆ ಕೂರುವ ಟ್ಯಾಪೆಟ್ ಸವೆಯುತ್ತವೆ.

ಕೊನೆಯ ತಪಾಸಣೆ ಪಿಸ್ಟನ್-ವಾಲ್ವ್ ಅಂತರ. ಪಿಸ್ಟನ್ ತಲೆಯ ಮೇಲೆ ಮೆತ್ತನೆಯ ಕ್ಲೇ ಅಂಟಿಸಿ, ಹೆಡ್ ಕಟ್ಟಿ, ಎಂಜಿನ್ನನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಬಿಚ್ಚಿ ಕ್ಲೇ ದಪ್ಪ ಅಳೆಯುತ್ತಾರೆ. ಇನ್‌ಟೇಕ್ ಕಡೆ ಕನಿಷ್ಠ 2 ಮಿ.ಮೀ., ಎಕ್ಸಾಸ್ಟ್ ಕಡೆ 2.5 ಮಿ.ಮೀ. ಬಿಡುವುದು ರೂಢಿ. ಎಕ್ಸಾಸ್ಟ್‌ಗೆ ಜಾಸ್ತಿ ಏಕೆಂದರೆ ಆ ವಾಲ್ವ್ ಬಿಸಿಗೆ ಹೆಚ್ಚು ಉದ್ದವಾಗುತ್ತದೆ. ಜೊತೆಗೆ ಅದು ಮುಚ್ಚಿಕೊಳ್ಳುವಾಗ ಪಿಸ್ಟನ್ ಅದರ ಬೆನ್ನಟ್ಟಿಕೊಂಡೇ ಮೇಲೆ ಬರುತ್ತಿರುತ್ತದೆ.