ಮಂಕು ಚಿತ್ರಕ್ಕೆ ಸ್ಕ್ರೀನ್ ನಾಬ್ ಮದ್ದಲ್ಲ

ಮಳೆಗಾಲ ಬಂತೆಂದರೆ ನನಗೆ ಹೋಂಸ್ಟೇಗಳಿಂದ ಫೋನ್ ಜಾಸ್ತಿ. ಹೊರಗೆ ಹೋಗಲಾಗದ ಅತಿಥಿಗಳಿಗೆ ಮೂಲೆಯ ಆರ್ಕೇಡ್ ಪೆಟ್ಟಿಗೆ, ಅಂದರೆ ನಿಂತು ಆಡುವ ಹಳೇ ವಿಡಿಯೋ ಗೇಮ್ ಪೆಟ್ಟಿಗೆ, ಕಣ್ಣಿಗೆ ಬೀಳುತ್ತದೆ. ಒಳಗಿನ ಬೋರ್ಡ್ ಕೆಟ್ಟಿರುತ್ತದೆ. ಮನೆಯ ಹುಡುಗರು ಹಳೇ ಪ್ಲೇಸ್ಟೇಷನ್ ಕನ್ಸೋಲಿನ ಆರ್‌ಜಿಬಿ (ಕೆಂಪು, ಹಸಿರು, ನೀಲಿ) ವೈರುಗಳನ್ನು ನೇರ ಮಾನಿಟರಿಗೆ ಬೆಸೆಯುತ್ತಾರೆ. ಚಿತ್ರ ಬರುತ್ತದೆ, ಆದರೆ ಮಂಕು. ಆಗ ಎಲ್ಲರೂ ಎಲ್‌ಒಟಿ (ಪಿಕ್ಚರ್ ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್) ಮೇಲಿನ ಸ್ಕ್ರೀನ್ ನಾಬ್ ತಿರುಗಿಸಿ ಬೆಳಕು ಏರಿಸುತ್ತಾರೆ. ದಯವಿಟ್ಟು ಬೇಡ.

ಕನ್ಸೋಲ್ ಕೊಡುವುದು ಟಿವಿ ಲೆಕ್ಕದ ಸಿಗ್ನಲ್. 75 ಓಮ್ ಲೋಡ್ ಇದ್ದಾಗ ಒಂದೊಂದು ಬಣ್ಣಕ್ಕೂ ಸುಮಾರು 0.7 ವೋಲ್ಟ್. ಆರ್ಕೇಡ್ ಮಾನಿಟರಿಗೆ ಅಭ್ಯಾಸವಿರುವುದು ಜಮ್ಮಾ ಬೋರ್ಡ್. ನಮ್ಮ ಕೊಡಗಿನಲ್ಲಿ ಜಮ್ಮಾ ಅಂದರೆ ಜಮೀನು, ಇಲ್ಲಿ ಅದು ಆರ್ಕೇಡ್ ಬೋರ್ಡುಗಳ 56 ಪಿನ್ನಿನ ಕನೆಕ್ಟರ್. ಆ ಬೋರ್ಡಿನಿಂದ ಸಾಮಾನ್ಯವಾಗಿ 3ರಿಂದ 5 ವೋಲ್ಟ್ ಬರುತ್ತದೆ. ಅದಕ್ಕೇ ಕನ್ಸೋಲಿನ ಚಿತ್ರ ಮಂಕು.

ಕಪ್ಪು ಅಂದರೆ ಕಾಫಿ ಗಿಡ, ಬಿಳಿ ಅಂದರೆ ಪಕ್ಕದ ಸಿಲ್ವರ್ ಮರ ಅಂದುಕೊಳ್ಳಿ. ಎರಡನ್ನೂ ಗುಡ್ಡದ ಬುಡದಿಂದ ತುದಿಗೆ ಒಯ್ದು ನೆಟ್ಟರೆ ಅವುಗಳ ಎತ್ತರದ ಅಂತರ ಹೆಚ್ಚುತ್ತದೆಯೇ? ಇಲ್ಲ ಅಲ್ವಾ? ಸ್ಕ್ರೀನ್ ನಾಬ್ ಮಾಡುವುದು ಅಷ್ಟೇ. ಬಿಳಿಯ ಜೊತೆ ಕಪ್ಪೂ ಏರಿ ಬೂದಿ ಬಣ್ಣವಾಗುತ್ತದೆ, ಚಿತ್ರದ ಮೇಲೆ ಓರೆ ಗೆರೆಗಳು ಮೂಡುತ್ತವೆ. ನಮಗೆ ಬೇಕಿರುವುದು ಕಾಫಿ ಗಿಡ ಇದ್ದ ಹಾಗೇ ಇದ್ದು ಸಿಲ್ವರ್ ಮಾತ್ರ ಬೆಳೆಯುವುದು. ಅದು ವಿಡಿಯೋ ಆಂಪ್ಲಿಫೈಯರ್ ಕೆಲಸ. ಅದರ ಒಳಬಾಗಿಲಲ್ಲಿ ಪ್ರತಿ ಬಣ್ಣಕ್ಕೂ 75 ಓಮ್ ರೆಸಿಸ್ಟರ್ ಗ್ರೌಂಡಿಗೆ, ಆಮೇಲೆ ಸುಮಾರು ಐದು ಪಟ್ಟು ಏರಿಕೆ. ಮಾನಿಟರಿನಿಂದ ಮಾನಿಟರಿಗೆ ಲೆಕ್ಕ ಬೇರೆ, ಅದರ ಕೈಪಿಡಿ ನೋಡಿಯೇ ಹೊಂದಿಸಿ. ಚಿತ್ರವನ್ನು ಜಾಗದಲ್ಲಿ ನಿಲ್ಲಿಸುವ ಸಿಂಕ್ ಸಿಗ್ನಲ್ ಬೇರೆ ದಾರಿಯಲ್ಲಿ, ಟಿಟಿಎಲ್ ಮಟ್ಟದಲ್ಲಿ (5 ವೋಲ್ಟಿನ ಡಿಜಿಟಲ್ ಸಿಗ್ನಲ್ ಆಗಿ) ಹೋಗಬೇಕು. ಅದು ದುರ್ಬಲವಾದರೆ ಚಿತ್ರ ಉರುಳುತ್ತದೆ.

ಇನ್ನೊಂದು ಮಾತು. ಕೆಲವು ಮಾನಿಟರುಗಳಿಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ (ಮೇನ್ಸ್ ಕರೆಂಟಿನಿಂದ ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್) ಕಡ್ಡಾಯ. ಅದಿಲ್ಲದಿದ್ದರೆ ಮಾನಿಟರಿನ ಚಾಸಿಯಲ್ಲೇ (ಚೌಕಟ್ಟಿನಲ್ಲೇ) ಮೇನ್ಸ್ ಕರೆಂಟ್ ಇರಬಹುದು, ಕನ್ಸೋಲಿನ ಗ್ರೌಂಡ್ ಸೇರಿಸಿದ ಕ್ಷಣವೇ ಅಪಾಯ. ಪಿಕ್ಚರ್ ಟ್ಯೂಬಿನ ದಪ್ಪ ಕೆಂಪು ವೈರಿನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ಸ್ವಿಚ್ ಆಫ್ ಮಾಡಿದ ಮೇಲೂ ಉಳಿದಿರಬಹುದು. ಗೊತ್ತಿಲ್ಲದವರು ಪೆಟ್ಟಿಗೆಯ ಹಿಂಬಾಗಿಲು ತೆರೆಯಲೇಬೇಡಿ.

ಗೋಣಿಕೊಪ್ಪದ ಕಡೆ ಒಬ್ಬ ಹಿರಿಯರು ಎರಡು ವರ್ಷ ನಾಬ್ ಏರಿಸಿಯೇ ಆಟ ಓಡಿಸಿದ್ದರು. "ಬೆಳಕು ಬಂತಲ್ಲ ಮಗ, ಇನ್ನೇನು ಬೇಕು?" ಎಂದು ಬೆಲ್ಲದ ಕಾಫಿ ಕೊಟ್ಟರು. ನಾನು ಆಂಪ್ಲಿಫೈಯರ್ ಹಾಕಿ ನಾಬ್ ಇಳಿಸಿದೆ. ಆಟದ ಕಾರು ಸುರಂಗಕ್ಕೆ ನುಗ್ಗಿದಾಗ ಪರದೆ ಕಾಡಿಗೆ ಕಪ್ಪಾಯಿತು. ಅವರು ಕನ್ನಡಕ ಒರೆಸಿಕೊಂಡು ಹತ್ತಿರ ಬಂದರು. "ಇಲ್ಲೊಂದು ಸುರಂಗ ಇತ್ತೇನೋ!" ಎಂದರು.